ಪೆರ್ಬೊಳಲ ಕೆರೆಯೂ ಹಾಯಿದೋಣಿಯೂ

ಬೆಂಗಳೂರಿನಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಗಂಗಾನಗರವು ಈಚಿನ ಕಾಲದ ಬಡಾವಣೆ. ಅದರ ನೆರೆಯ ಹೆಬ್ಬಾಳವಾದರೋ ಬಹು ಪುರಾತನವಾದುದು. 2018ರಲ್ಲಿ ಅಲ್ಲಿ ಬೆಳಕಿಗೆ ಬಂದ ವೀರಗಲ್ಲು ಗಂಗರ ಶ್ರೀಪುರುಷನ ಆಳ್ವಿಕೆಗೆ, ಸುಮಾರು ಕ್ರಿ. ಶ. 750ಕ್ಕೆ ಸೇರಿದುದು. ಪೆರ್ಬೊಳಲ್ನಾಡಿನ ಕಿತ್ತಯ್ಯನೆಂಬವನು ಕಾದಿ ಮಡಿದ ಸಂಗತಿಯನ್ನು ಅದು ಹೇಳುತ್ತದೆ. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಆ ಹೆಸರೇ ಸವೆದು ಹೆಬ್ಬಾಳವಾಗಿದೆ. ಊರ ಕೆರೆಯನ್ನು 1537ರಲ್ಲಿ ಕೆಂಪೇಗೌಡನು ಕಟ್ಟಿಸಿದನೆಂದು ಪ್ರತೀತಿಯುಂಟು.

ಇಷ್ಟು ವಿಸ್ತಾರವಾದ ಜಲವಿದ್ದೂ ಅದರ ಮೇಲೆ ಹಾಯಿ ಬಿಚ್ಚಿ ಪಂದ್ಯ ಕಟ್ಟುವ ಬುದ್ಧಿ ನಮ್ಮವರಿಗೆ ಏಕೆ ಹುಟ್ಟಲಿಲ್ಲ? ಕನ್ನಡಿಗನು ನೆಲದ ಮನುಷ್ಯನು, ನೀರಿಗೆ ಅಂಜುವವನು, ನೌಕಾಕ್ರೀಡೆಯು ಪರದೇಶೀಯರು ತಂದ ವಿನೋದ ಎಂದು ಹೇಳಿಬಿಡುವುದು ವಾಡಿಕೆಯಾಗಿದೆ. ಈ ಮಾತಿನಲ್ಲಿ ಸತ್ಯವೆಷ್ಟು, ಆಲಸ್ಯವೆಷ್ಟು ಎಂಬುದನ್ನು ವಿವೇಚಿಸುವುದು ಅವಶ್ಯ.

ಪೂರ್ವಪಕ್ಷಕ್ಕೆ ಮೊದಲ ಉತ್ತರ ಐಹೊಳೆಯ ಶಾಸನದಲ್ಲಿಯೇ ಇದೆ. 634ನೆಯ ಇಸವಿಯ ಆ ಪ್ರಶಸ್ತಿಯಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯು ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ನೂರಾರು ನೌಕೆಗಳಿಂದ ಮುತ್ತಿದನೆಂದು ವರ್ಣಿಸಿದ್ದಾನೆ. ಆ ನೌಕೆಗಳು ಮದಗಜಗಳ ಸಾಲಿನಂತೆ ತೋರಿದುವಂತೆ. ಮೋಡ ಕವಿದ ಗಗನವು ಕಡಲಿನಂತೆಯೂ ಕಡಲು ಗಗನದಂತೆಯೂ ಆಯಿತಂತೆ. ಕವಿಸಮಯವನ್ನು ಕಳೆದರೂ, ಬಾದಾಮಿಯ ಅರಸನಿಗೆ ಹಡಗುಗಳ ಪಡೆಯಿತ್ತೆಂಬುದು ಉಳಿದೇ ಉಳಿಯುತ್ತದೆ. ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಹೊನ್ನಾವರದ ಸುಲ್ತಾನನು 52 ನೌಕೆಗಳೊಡನೆ ಗೋವೆಯ ಮೇಲೆ ದಂಡೆತ್ತಿ ಹೋದುದನ್ನು, ಸ್ವತಃ ಆ ಯಾತ್ರೆಯಲ್ಲಿದ್ದ ಇಬ್ನ್ ಬತೂತನು ಬರೆದಿಟ್ಟಿದ್ದಾನೆ. ಕರಾವಳಿಯ ಪತ್ತೆಮಾರಿ ಮಚ್ವೆಗಳ ಮಾತನ್ನು ಇಲ್ಲಿ ಬೆಳೆಸಬೇಕಾದುದಿಲ್ಲ.

ಶಾಸ್ತ್ರವೇ ಅಡ್ಡ ಬಂದಿತೆಂಬುವರೂ ಉಂಟು. ಬೌಧಾಯನನು ಸಮುದ್ರಯಾನವನ್ನು ಪತನೀಯಗಳಲ್ಲಿ ಎಣಿಸಿರುವುದು ನಿಜ. ಕಲಿವರ್ಜ್ಯಪ್ರಕರಣದಲ್ಲಿಯೂ ಅದು ಸೇರಿದೆ. ಆದರೆ ಅದೇ ಬೌಧಾಯನನು ಉತ್ತರದೇಶದವರ ಆಚಾರಗಳನ್ನು ಹೇಳುವಾಗ ಸಮುದ್ರಯಾನವನ್ನೂ ಹೆಸರಿಸಿದ್ದಾನೆ. ಯಾರೂ ಮಾಡದ ಕೆಲಸವನ್ನು ನಿಷೇಧಿಸುವ ಸ್ಮೃತಿಕಾರನುಂಟೇ? ಭೋಜನ ಹೆಸರಿನಲ್ಲಿರುವ ಯುಕ್ತಿಕಲ್ಪತರುವಿನಲ್ಲಿ ನೌಕೆಗಳನ್ನು ಸಾಮಾನ್ಯ, ವಿಶೇಷ ಎಂದು ವಿಭಾಗಿಸಿ, ನದಿಯಲ್ಲಿ ನಡೆಯತಕ್ಕ ಸಾಮಾನ್ಯದಲ್ಲಿಯೇ ಕ್ಷುದ್ರಾ, ಮಧ್ಯಮಾ, ಚಪಲಾ, ಮಂಥರಾ ಮೊದಲಾದ ಹತ್ತು ಭೇದಗಳನ್ನು ಅಳತೆಸಹಿತ ಹೇಳಿದೆ. ಅಲ್ಲದೆ ನಿಷೇಧವಿದ್ದುದು ಸಮುದ್ರಕ್ಕೆ. ಹೆಬ್ಬಾಳದ ಕೆರೆಗೆ ಯಾವ ಸ್ಮೃತಿಯೂ ಬೇಲಿ ಹಾಕಿರಲಿಲ್ಲ.

ನಿಜವಾದ ಕಾರಣವನ್ನು ಬಯಲುಸೀಮೆಯ ದೋಣಿಯಲ್ಲಿಯೇ ಹುಡುಕಬೇಕು. ನಮ್ಮ ದೋಣಿ ಹರಿಗೋಲು. ಬಿದಿರ ಸೀಳುಗಳನ್ನು ದುಂಡಗಿನ ಬುಟ್ಟಿಯಂತೆ ಹೆಣೆದು ಹೊರಮೈಗೆ ತೊಗಲು ಹೊದಿಸಿದರೆ ಅದು ಸಿದ್ಧ. ಈಚೆಗೆ ತೊಗಲಿನ ಸ್ಥಾನದಲ್ಲಿ ಟಾರು ಬಳಿದ ಬಟ್ಟೆ ಬಂದಿದೆ. 1520ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಜನಾದ ದೊಮಿಂಗೊ ಪಾಯೆಸನು ಆನೆಗೊಂದಿಯ ಕಡವಿನಲ್ಲಿ ಇವನ್ನು ನೋಡಿ ಬೆರಗಾದನು. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ ಕುಳಿತುಕೊಳ್ಳುವರೆಂದೂ, ಅಗತ್ಯವಾದರೆ ಕುದುರೆ ಎತ್ತುಗಳನ್ನೂ ದಾಟಿಸುವರೆಂದೂ, ನೇರವಾಗಿ ಹೋಗಲಾರದೆ ಇವು ಸದಾ ಸುತ್ತುತ್ತಿರುವುವೆಂದೂ ಅವನು ಬರೆದಿದ್ದಾನೆ. 1803ರಲ್ಲಿ ಮರಾಠರ ಮೇಲೆ ದಂಡೆತ್ತಿದ ಆರ್ಥರ್ ವೆಲ್ಲೆಸ್ಲಿಯೂ ಮಳೆಗಾಲದ ಹೊಳೆಗಳನ್ನು ದಾಟಲು ಇಂಥ ಬುಟ್ಟಿದೋಣಿಗಳನ್ನೇ ನಂಬಿದನು. ಪರದೇಶದ ಸೇನಾನಿಯೊಬ್ಬನು ನಮ್ಮ ಅಂಬಿಗನ ಉಪಾಯಕ್ಕೆ ಶರಣಾದುದನ್ನು ಪಾಠಪುಸ್ತಕಗಳು ಮಕ್ಕಳಿಗೆ ಹೇಳುವುದಿಲ್ಲ!

ಆದರೆ ಹರಿಗೋಲಿಗೆ ಮೂತಿಯಿಲ್ಲ, ಬಾಲವಿಲ್ಲ, ಅಡಿಯಲ್ಲಿ ಏಣಿಲ್ಲ. ಹಾಯಿದೋಣಿಯ ಮರ್ಮವೆಲ್ಲ ಆ ಏಣಿನಲ್ಲಿಯೇ ಅಡಗಿದೆ. ಬೀಸುವ ಗಾಳಿಯು ಹಾಯಿಯನ್ನು ಪಕ್ಕಕ್ಕೆ ತಳ್ಳುತ್ತದೆ. ನೀರೊಳಗೆ ಇಳಿದ ಹಲಗೆಯು ಪಕ್ಕಕ್ಕೆ ಸರಿಯಗೊಡುವುದಿಲ್ಲ. ಈ ಎರಡರ ಜಗ್ಗಾಟದಲ್ಲಿ ದೋಣಿಯು ಮುಂದಕ್ಕೆ ಜಾರುತ್ತದೆ. ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ತಿರುತಿರುಗಿಸಿ, ಗೋಮೂತ್ರಿಕೆಯ ಗತಿಯಲ್ಲಿ ಎದುರುಗಾಳಿಯನ್ನು ಗೆಲ್ಲಬೇಕು. ಪಂದ್ಯದಲ್ಲಿ ಬಲಕ್ಕಿಂತ ಹೆಚ್ಚಾಗಿ ಪರೀಕ್ಷೆಗೆ ಒಳಗಾಗುವುದು ಎಂದು ತಿರುಗಬೇಕೆಂಬ ವಿವೇಕ. ಹರಿಗೋಲಿಗೆ ಹಾಯಿ ಕಟ್ಟಿದರೆ ಅದು ಗಾಳಿ ಒಯ್ದತ್ತ ಹೋಗುವುದು, ಅಷ್ಟೇ. ದಡದಿಂದ ದಡಕ್ಕೆ ಸೇರಿಸುವುದು ಅದರ ಕೆಲಸ. ಅದನ್ನು ಅದು ಸಾವಿರಾರು ಜನರಿಗೆ ಮಾಡಿಕೊಟ್ಟಿದೆ. ಕೆರೆಯಾದರೋ ಗದ್ದೆಗೆ ನೀರು ಕೊಡುವುದಕ್ಕೆ ಕಟ್ಟಿದುದು. ಅದರ ಮೇಲೆ ಉತ್ಸವದ ದಿನ ದೇವರ ತೆಪ್ಪ ಸುತ್ತುಹಾಕಿದರೆ ಊರಿಗೆ ತೃಪ್ತಿ. ಆದುದರಿಂದ ಕ್ರೀಡೆಯಾಗಿ ಹಾಯಿ ನಡೆಸುವುದು ಆಂಗ್ಲರ ಕಾಲದ್ದೆಂಬುದನ್ನು ಒಪ್ಪಲೇಬೇಕು. ನೀರಿನ ಅಂಜಿಕೆಯಿಂದ ಹಾಗಾಯಿತೆಂಬುದನ್ನು ಮಾತ್ರ ಒಪ್ಪಲಾಗದು.

ಇಂದಿನ ಮಾತೂ ಒಂದಿಷ್ಟುಂಟು. ಕೊಡಗಿನ ಕೇಳಪಂಡ ಮನೆತನದ ಚೆಂಗಪ್ಪ ಗಣಪತಿಯು, ಚೆನ್ನೈಯ ಕಡಲಲ್ಲಿ ಹಾಯಿ ಕಲಿತು, ತನ್ನ ಗೆಳೆಯ ವರುಣ್ ಠಕ್ಕರನ ಜೊತೆಯಲ್ಲಿ 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚಿನ ಪದಕ ಪಡೆದನು. ಇವರ ದೋಣಿ ಫಾರ್ಟಿನೈನರ್ ಎಂಬ ವರ್ಗದ್ದು, ಐದು ಮೀಟರಿಗೆ ಒಂದು ಸೆಂಟಿಮೀಟರು ಕಡಮೆ ಉದ್ದದ್ದು. ಗಾಳಿ ಬಲವಾದಾಗ ಅದು ಮಗುಚದಂತೆ ಇಬ್ಬರೂ ತಂತಿಯ ಆಸರೆಯಲ್ಲಿ ದೋಣಿಯ ಹೊರಗೆ ಮೈ ಚಾಚಿ, ಅಂಚಿನ ಮೇಲೆ ನಿಲ್ಲುವರು. ಒಬ್ಬನು ಕ್ಷಣ ತಡೆದರೆ ಇಬ್ಬರೂ ನೀರಿಗೆ. ಸ್ನೇಹಕ್ಕೆ ಇದಕ್ಕಿಂತ ಕಠಿನವಾದ ಒರೆಗಲ್ಲು ಅಪರೂಪ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿಗೆ ಭಾರತದಿಂದ ಹಾಯಿದೋಣಿಯ ಸ್ಪರ್ಧೆಗೆ ಹೋದ ನಾಲ್ವರಲ್ಲಿ ಇವರಿಬ್ಬರೂ ಇದ್ದರು. ಅಲ್ಲಿ ಹತ್ತೊಂಬತ್ತು ಜೋಡಿಗಳಲ್ಲಿ ಹದಿನೇಳನೆಯ ಸ್ಥಾನ ದೊರೆಯಿತು. ಕಾವೇರಿಯ ತವರಿನ ಮನೆತನದವನೊಬ್ಬನು ಎನೊಶಿಮದ ಕಡಲಿನಲ್ಲಿ ಹಾಯಿ ಬಿಚ್ಚಿದನು.