ಶಾಲೆಗಳ ಸುರಕ್ಷಿತ ಪುನರಾರಂಭ: ಕೋವಿಡ್ ಕಾಲದ ಕರ್ನಾಟಕ

ಸಾಂಕ್ರಾಮಿಕ ರೋಗದ ಭಯದಿಂದ ಮುಚ್ಚಿದ ಶಾಲೆಗಳನ್ನು ರೋಗ ಪೂರ್ತಿ ತೊಲಗುವ ಮೊದಲೇ, ಮಕ್ಕಳಿಗೂ ಶಿಕ್ಷಕರಿಗೂ ಮನೆಯ ಹಿರಿಯರಿಗೂ ಅಪಾಯ ಕಡಿಮೆಯಾಗುವಂತೆ ಏರ್ಪಾಡು ಮಾಡಿಕೊಂಡು ತೆರೆಯುವುದಕ್ಕೆ ಸುರಕ್ಷಿತ ಪುನರಾರಂಭ ಎನ್ನುತ್ತಾರೆ. 2020ರ ಕೋವಿಡ್-19 ಪಿಡುಗಿನಲ್ಲಿ 190ಕ್ಕೂ ಹೆಚ್ಚು ದೇಶಗಳ ಶಾಲೆಗಳು ಮುಚ್ಚಿದವು. ಯುನೆಸ್ಕೊ ಲೆಕ್ಕದಂತೆ, ಅತಿ ಹೆಚ್ಚು ಮುಚ್ಚಿದ್ದ ಹಂತದಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳು ತರಗತಿಯಿಂದ ಹೊರಗಿದ್ದರು. ಮುಚ್ಚುವುದು ಒಂದು ದಿನದ ಆದೇಶದಲ್ಲಿ ಮುಗಿಯಿತು. ಕರ್ನಾಟಕದಲ್ಲಿ ತೆರೆಯುವುದಕ್ಕೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಯಾವ ತರಗತಿಯನ್ನು ಮೊದಲು ತೆರೆಯಬೇಕು ಎಂಬ ಒಂದು ತೀರ್ಮಾನದ ಪರಿಣಾಮ ಇಲ್ಲಿ ಬಹುಕಾಲ ಉಳಿಯಿತು.

ಹಿನ್ನೆಲೆ

ಪಿಡುಗಿನ ನಡುವೆ ಶಾಲೆ ನಡೆಸಬೇಕೆ ಎಂಬ ಪ್ರಶ್ನೆ ಹಳೆಯದು. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಅಮೆರಿಕದ ಬಹುತೇಕ ನಗರಗಳು ಶಾಲೆ ಮುಚ್ಚಿದರೂ ನ್ಯೂಯಾರ್ಕ್ ಮತ್ತು ಷಿಕಾಗೊ ಮುಚ್ಚಲಿಲ್ಲ. ಕಿಕ್ಕಿರಿದ ಬಡಾವಣೆಗಳ ಮನೆಗಳಿಗಿಂತ ದಾದಿಯರ ಕಣ್ಗಾವಲಿರುವ ಶಾಲೆಯೇ ಮಗುವಿಗೆ ಕ್ಷೇಮ ಎಂಬುದು ನ್ಯೂಯಾರ್ಕಿನ ಆರೋಗ್ಯ ಆಯುಕ್ತ ರಾಯಲ್ ಕೋಪ್‌ಲೆಂಡ್ ಅವರ ವಾದ. ಅದಕ್ಕೂ ಮೊದಲು, 1904ರಲ್ಲಿ, ಬರ್ಲಿನ್ ಪಕ್ಕದ ಷಾರ್ಲಾಟೆನ್‌ಬರ್ಗ್‌ನಲ್ಲಿ ದುರ್ಬಲ ಆರೋಗ್ಯದ ಮಕ್ಕಳಿಗಾಗಿ ಕಾಡಿನೊಳಗೆ ಬಯಲು ಶಾಲೆ ನಡೆದಿತ್ತು. ಕ್ಷಯಕ್ಕೆ ಔಷಧಿ ಇಲ್ಲದ ಆ ಕಾಲದಲ್ಲಿ ಗಾಳಿ ಬೆಳಕುಗಳೇ ರಕ್ಷಣೆ ಎಂದು ನಂಬಿದ್ದರು.

ಕೋವಿಡ್ ಕಾಲದಲ್ಲಿ ಯುರೋಪಿನಲ್ಲಿ ಮೊದಲು ತೆರೆದದ್ದು ಡೆನ್ಮಾರ್ಕ್, 2020ರ ಏಪ್ರಿಲ್ 15ರಂದು. ಅಲ್ಲಿ ಮೊದಲು ಕರೆದದ್ದು ಚಿಕ್ಕ ಮಕ್ಕಳನ್ನು. ಸಣ್ಣ ಗುಂಪು, ಗುಂಪಿಗೊಬ್ಬರೇ ಶಿಕ್ಷಕರು, ಆಗಾಗ ಕೈತೊಳೆತ, ಸಾಧ್ಯವಾದಷ್ಟು ಪಾಠ ಹೊರಗೆ. ಸ್ವೀಡನ್ 16 ವರ್ಷದೊಳಗಿನವರ ಶಾಲೆಗಳನ್ನು ಮುಚ್ಚಲೇ ಇಲ್ಲ. ಅಲ್ಲಿನ 1ರಿಂದ 16 ವರ್ಷದ ಸುಮಾರು 19.5 ಲಕ್ಷ ಮಕ್ಕಳಲ್ಲಿ 2020ರ ಮಾರ್ಚ್‌ನಿಂದ ಜೂನ್‌ವರೆಗೆ ಕೋವಿಡ್‌ನಿಂದ ತೀವ್ರ ನಿಗಾ ಘಟಕ ಸೇರಿದವರು 15 ಮಂದಿ, ಸತ್ತವರು ಯಾರೂ ಇಲ್ಲ. ವ್ಯತಿರಿಕ್ತ ಉದಾಹರಣೆ ಇಸ್ರೇಲಿನದು. ಜೆರುಸಲೆಮ್‌ನ ಒಂದು ಪ್ರೌಢಶಾಲೆ ಮೇ ತಿಂಗಳ ನಡುವೆ ತೆರೆದು ಎರಡು ವಾರ ಕಳೆಯುವುದರೊಳಗೆ ರೋಗ ಸ್ಫೋಟಗೊಂಡು 153 ವಿದ್ಯಾರ್ಥಿಗಳಿಗೂ 25 ಸಿಬ್ಬಂದಿಗೂ ಸೋಂಕು ತಗುಲಿತು. ಆ ದಿನಗಳಲ್ಲಿ ಅಲ್ಲಿ ಬಿರುಬಿಸಿಲು. ಮಾಸ್ಕ್‌ಗೆ ವಿನಾಯಿತಿ ಕೊಟ್ಟಿದ್ದರು, ತುಂಬಿದ ಕೊಠಡಿಗಳಲ್ಲಿ ಹವಾನಿಯಂತ್ರಣ ಯಂತ್ರಗಳು ದಿನವಿಡೀ ಓಡುತ್ತಿದ್ದವು.

ಕರ್ನಾಟಕದಲ್ಲಿ ಮುಚ್ಚುಗಡೆ ಮತ್ತು ಪರೀಕ್ಷೆ

ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯಲ್ಲಿ ಸಂಭವಿಸಿತು. ಅದೇ ತಿಂಗಳ ಎರಡನೆಯ ವಾರದಲ್ಲಿ ರಾಜ್ಯದ ಶಾಲೆಗಳಿಗೆ ಬೀಗ ಬಿತ್ತು. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಂದಕ್ಕೆ ಹೋಯಿತು.

ಆ ಪರೀಕ್ಷೆಯೇ ರಾಜ್ಯದ ಶಾಲೆಗಳ ಮಟ್ಟಿಗೆ ಮೊದಲ ಪುನರಾರಂಭದ ಪ್ರಯೋಗವೂ ಆಯಿತು. ಹಲವು ರಾಜ್ಯಗಳು ಪರೀಕ್ಷೆ ರದ್ದುಮಾಡುತ್ತಿದ್ದಾಗ, ಅಂದಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಅವರ ಇಲಾಖೆ ಜೂನ್ 25ರಿಂದ ಸುಮಾರು 8.48 ಲಕ್ಷ ವಿದ್ಯಾರ್ಥಿಗಳಿಗೆ ಪರೀಕ್ಷೆ ನಡೆಸಿತು. ಕೊಠಡಿಯಲ್ಲಿ ಕೂರಿಸುವವರ ಸಂಖ್ಯೆ ತಗ್ಗಿಸಿ, ಬಾಗಿಲಲ್ಲೇ ಜ್ವರ ನೋಡಿ, ಜ್ವರ ಕೆಮ್ಮು ಇದ್ದವರಿಗೆ ಬೇರೆ ಕೊಠಡಿ ಕೊಟ್ಟರು. ಕಾಸರಗೋಡಿನ ಕಡೆಯಿಂದ ಬರುವ ಮಕ್ಕಳನ್ನು ತಲಪಾಡಿ ಗಡಿಯಿಂದ ಬಸ್ಸಿನಲ್ಲಿ ಕೇಂದ್ರಗಳಿಗೆ ಕರೆತಂದು ಸಂಜೆ ಗಡಿಗೆ ಮುಟ್ಟಿಸಿದರು. ಮಾಡಬೇಕೆಂಬ ಮನಸ್ಸಿದ್ದರೆ ಶಾಲಾ ಕಟ್ಟಡದೊಳಗೆ ಮಕ್ಕಳನ್ನು ಎಚ್ಚರಿಕೆಯಿಂದ ಕೂರಿಸಬಹುದು ಎಂದು ಈ ಪರೀಕ್ಷೆ ತೋರಿಸಿಕೊಟ್ಟಿತು. ಆದರೆ ಪರೀಕ್ಷೆಗಾಗಿ ತೋರಿದ ಈ ಶ್ರಮವನ್ನು ಪಾಠಕ್ಕಾಗಿ ತೋರಲು ವ್ಯವಸ್ಥೆ ಬಹಳ ತಡಮಾಡಿತು.

ವಿದ್ಯಾಗಮ

ಶಾಲೆ ಇಲ್ಲದ ಮೊದಲ ತಿಂಗಳುಗಳಲ್ಲಿ ದೂರದರ್ಶನದ ಚಂದನ ವಾಹಿನಿ ‘ಪುನರ್ಮನನ’, ‘ಸೇತುಬಂಧ’ ಪಾಠಗಳನ್ನು ಪ್ರಸಾರ ಮಾಡಿತು. ಖಾಸಗಿ ಶಾಲೆಗಳು ಮೊಬೈಲ್ ತರಗತಿಗೆ ಹೊರಳಿದವು. ಚಿಕ್ಕ ಮಕ್ಕಳ ಆನ್‌ಲೈನ್ ತರಗತಿಯನ್ನು ಸರ್ಕಾರ ನಿಷೇಧಿಸಿದರೆ, ಹೈಕೋರ್ಟ್ ಜುಲೈನಲ್ಲಿ ಆ ನಿಷೇಧವನ್ನು ತಡೆಯಿತು. ಸ್ಮಾರ್ಟ್‌ಫೋನ್ ಇಲ್ಲದ, ಇದ್ದರೂ ಅಪ್ಪನ ಜೊತೆ ಕೆಲಸಕ್ಕೆ ಹೋಗಿಬಿಡುವ ಮನೆಗಳ ಮಕ್ಕಳಿಗೆ ಇವು ಯಾವುವೂ ಎಟುಕಲಿಲ್ಲ.

ಆ ಮಕ್ಕಳಿಗಾಗಿ 2020ರ ಆಗಸ್ಟ್‌ನಲ್ಲಿ ಶುರುವಾದದ್ದು ವಿದ್ಯಾಗಮ. ಮಕ್ಕಳು ಶಾಲೆಗೆ ಬರುವಂತಿಲ್ಲವಾದರೆ ಮೇಷ್ಟ್ರೇ ಮಕ್ಕಳಿದ್ದಲ್ಲಿಗೆ ಹೋಗಬೇಕು ಎಂಬುದು ಅದರ ತಿರುಳು. ಫೋನ್ ಇಲ್ಲದವರು, ಸಾದಾ ಫೋನ್ ಇರುವವರು, ಇಂಟರ್‌ನೆಟ್ ಸಹಿತ ಸ್ಮಾರ್ಟ್‌ಫೋನ್ ಇರುವವರು ಎಂದು ಮಕ್ಕಳನ್ನು ವಿಂಗಡಿಸಿ, ಓಣಿಗೊಂದು ಗುಂಪು ಮಾಡಿ, ಗುಡಿಯ ಪ್ರಾಂಗಣ, ಸಮುದಾಯ ಭವನ, ಅರಳಿಕಟ್ಟೆ, ಮನೆ ಜಗಲಿಗಳಲ್ಲಿ ಪಾಠ ನಡೆಸಿದರು. ಜನ ಇದನ್ನು ವಠಾರ ಶಾಲೆ ಎಂದೂ ಕರೆದರು. ಹೆಚ್ಚು ಖರ್ಚಿಲ್ಲದೆ, ತೆರೆದ ಗಾಳಿಯಲ್ಲಿ, ಸಣ್ಣ ಗುಂಪಿನಲ್ಲಿ ನಡೆದ ಈ ಪಾಠ ಡೆನ್ಮಾರ್ಕಿನ ಕ್ರಮಕ್ಕೆ ತೀರ ಹತ್ತಿರವಿತ್ತು. ಎಲ್ಲ ಕಡೆಯೂ ನಿಯಮದಂತೆ ನಡೆಯಿತು ಎನ್ನುವಂತಿಲ್ಲ. ಇಕ್ಕಟ್ಟಾದ ಜಾಗದಲ್ಲಿ ಒತ್ತಾಗಿ ಕೂತದ್ದೂ ಉಂಟು, ಮಾಸ್ಕ್ ಇಲ್ಲದ್ದೂ ಉಂಟು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿಗಳು ಬಂದು ವಿರೋಧ ಜೋರಾದಾಗ ಅಕ್ಟೋಬರ್ 10ರಂದು ಸರ್ಕಾರ ಅದನ್ನು ನಿಲ್ಲಿಸಿತು. ಲೋಪವಿದ್ದ ಕಡೆ ತಿದ್ದಿ ಉಳಿದೆಡೆ ಮುಂದುವರಿಸಬಹುದಿತ್ತು. ರಾಜ್ಯವಿಡೀ ಒಂದೇ ಏಟಿಗೆ ನಿಲ್ಲಿಸಿದ್ದು ಈ ಎರಡು ವರ್ಷಗಳ ದೊಡ್ಡ ತಪ್ಪುಗಳಲ್ಲೊಂದು.

ಮೇಲಿನಿಂದ ಕೆಳಕ್ಕೆ

2021ರ ಜನವರಿ 1ರಂದು ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ತರಗತಿಗಳು ತೆರೆದವು. 6ರಿಂದ 9ನೆಯ ತರಗತಿಯವರಿಗೆ ವಿದ್ಯಾಗಮವನ್ನು ಶಾಲೆಯ ಆವರಣದಲ್ಲೇ ಪುನಃ ಶುರುಮಾಡಿದರು. ಹಾಜರಾತಿ ಕಡ್ಡಾಯವಿರಲಿಲ್ಲ, ಪೋಷಕರ ಒಪ್ಪಿಗೆ ಪತ್ರ ಬೇಕಿತ್ತು, ಶಿಕ್ಷಕರು ಆರ್‌ಟಿ-ಪಿಸಿಆರ್ ಪರೀಕ್ಷೆಯ ನೆಗೆಟಿವ್ ವರದಿ ತರಬೇಕಿತ್ತು. ಫೆಬ್ರವರಿಯಲ್ಲಿ 9ನೆಯ ತರಗತಿ ಮತ್ತು ಪ್ರಥಮ ಪಿಯುಸಿ, ಆಮೇಲೆ 6ರಿಂದ 8 ಸೇರಿಕೊಂಡವು. ಏಪ್ರಿಲ್‌ನಲ್ಲಿ ಎರಡನೆಯ ಅಲೆ ಎದ್ದಾಗ ಶಾಲೆಗಳು ಮತ್ತೆ ಬಾಗಿಲು ಹಾಕಿದವು. ಆ ಅಲೆ ಶಿಕ್ಷಕರನ್ನು ಬಲವಾಗಿ ಹೊಡೆಯಿತು. ಬಸವಕಲ್ಯಾಣ, ಮಸ್ಕಿ ಉಪಚುನಾವಣೆಗಳ ಕರ್ತವ್ಯಕ್ಕೆ ಹೋಗಿ ಬಂದವರಲ್ಲೂ ಸಾವು ಸಂಭವಿಸಿದ್ದು ಆಗ ವರದಿಯಾಯಿತು. ತರಗತಿಗೆ ಹೋಗಲು ಶಿಕ್ಷಕರು ಹೆದರಿದ್ದರೆ ಅದಕ್ಕೆ ಕಾರಣವಿತ್ತು. ಅವರಿಗೆ ಆದ್ಯತೆಯ ಮೇಲೆ ಲಸಿಕೆ ಹಾಕಿಸುವುದು ಸುರಕ್ಷಿತ ಪುನರಾರಂಭದ ಮೊದಲ ಷರತ್ತು.

ಎರಡನೆಯ ಅಲೆ ಇಳಿದ ಮೇಲೆ ತಜ್ಞರ ಮಾತಿಗೆ ತೂಕ ಬಂತು. ಡಾ. ದೇವಿಶೆಟ್ಟಿ ನೇತೃತ್ವದ ಉನ್ನತ ಮಟ್ಟದ ಸಮಿತಿ, ಶಾಲೆ ಮುಚ್ಚಿಯೇ ಇಟ್ಟರೆ ಬಡ ಮಕ್ಕಳು ಅಪೌಷ್ಟಿಕತೆ, ಬಾಲಕಾರ್ಮಿಕ ದುಡಿಮೆ, ಬಾಲ್ಯವಿವಾಹ, ಕಳ್ಳಸಾಗಣೆಗೆ ಸಿಲುಕುತ್ತಾರೆ ಎಂದು ಎಚ್ಚರಿಸಿತು. ಡಾ. ಎಂ.ಕೆ. ಸುದರ್ಶನ್ ಅಧ್ಯಕ್ಷತೆಯ ತಾಂತ್ರಿಕ ಸಲಹಾ ಸಮಿತಿಯ ಸಲಹೆ ಪಡೆದು ಬಸವರಾಜ ಬೊಮ್ಮಾಯಿ ಸರ್ಕಾರ 2021ರ ಆಗಸ್ಟ್ 23ರಂದು, ಸೋಂಕಿನ ಪ್ರಮಾಣ ಶೇ 2ಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳಲ್ಲಿ 9ರಿಂದ 12ನೆಯ ತರಗತಿಗಳನ್ನು ತೆರೆಯಿತು. ಕೊಡಗು, ದಕ್ಷಿಣ ಕನ್ನಡ, ಉಡುಪಿ, ಹಾಸನ, ಚಿಕ್ಕಮಗಳೂರು ಜಿಲ್ಲೆಗಳು ಆ ದಿನ ಹೊರಗುಳಿದವು. ನೂರು ಜನರ ಪರೀಕ್ಷೆಯಲ್ಲಿ ಎಷ್ಟು ಜನರಿಗೆ ಸೋಂಕು ಕಾಣಿಸಿತು ಎಂಬ ಈ ಅಳತೆ, ಯಾರನ್ನು ಪರೀಕ್ಷಿಸಿದರು ಎಂಬುದರ ಮೇಲೆ ಏರಿಳಿಯುತ್ತದೆ. ಆದರೂ ಇಡೀ ರಾಜ್ಯಕ್ಕೆ ಒಂದೇ ಬೀಗ ಹಾಕುವುದಕ್ಕಿಂತ ಅದು ಎಷ್ಟೋ ಮೇಲು. ಸೆಪ್ಟೆಂಬರ್ 6ಕ್ಕೆ 6ರಿಂದ 8, ಅಕ್ಟೋಬರ್ 25ಕ್ಕೆ 1ರಿಂದ 5, ನವೆಂಬರ್ 8ಕ್ಕೆ ಎಲ್‌ಕೆಜಿ, ಯುಕೆಜಿ ಮತ್ತು ಅಂಗನವಾಡಿ ತೆರೆದವು.

ವಯಸ್ಸು ಚಿಕ್ಕದಾದಷ್ಟೂ ಕಾಯುವಿಕೆ ದೊಡ್ಡದು ಎಂಬುದು ಈ ತಾರೀಖುಗಳಿಂದ ತಿಳಿಯುತ್ತದೆ. ವೈದ್ಯಕೀಯ ಸಲಹೆ ಇದಕ್ಕೆ ಉಲ್ಟಾ ಇತ್ತು. 2021ರ ಜುಲೈನಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಂದಿನ ಮಹಾನಿರ್ದೇಶಕ ಡಾ. ಬಲರಾಮ್ ಭಾರ್ಗವ, ಎಲ್ಲ ಸಿಬ್ಬಂದಿಗೆ ಲಸಿಕೆಯಾಗಿರುವುದನ್ನು ಖಚಿತಪಡಿಸಿಕೊಂಡು ಪ್ರಾಥಮಿಕ ಶಾಲೆಗಳನ್ನು ಮೊದಲು ತೆರೆಯುವುದು ಸೂಕ್ತ ಎಂದಿದ್ದರು. ವೈರಸ್ ಅಂಟಿಕೊಳ್ಳುವ ಗ್ರಾಹಿಗಳು ಚಿಕ್ಕ ಮಕ್ಕಳಲ್ಲಿ ಕಡಿಮೆ ಎಂಬುದು ಅವರು ಕೊಟ್ಟ ಕಾರಣ. ಆ ಹೊತ್ತಿನ ರಾಷ್ಟ್ರೀಯ ರಕ್ತ ಸಮೀಕ್ಷೆಯಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57.2ರಷ್ಟು ಮಂದಿಗೆ ಪ್ರತಿಕಾಯಗಳು ಕಂಡಿದ್ದವು. ಅಂದರೆ ಮನೆಯಲ್ಲಿ ಕೂರಿಸಿದರೂ ಅರ್ಧಕ್ಕೂ ಹೆಚ್ಚು ಮಕ್ಕಳನ್ನು ವೈರಸ್ ಆಗಲೇ ಮುಟ್ಟಿ ಹೋಗಿತ್ತು.

ನಲಿ-ಕಲಿ ಕೊಠಡಿ

ಈ ವಿಳಂಬದಿಂದ ಆದದ್ದೇನು ಎಂದು ತಿಳಿಯಲು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ನಲಿ-ಕಲಿ ಕೊಠಡಿಯನ್ನು ನೋಡಬೇಕು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಹುಟ್ಟಿ ರಾಜ್ಯಕ್ಕೆ ಹಬ್ಬಿದ ಈ ಪದ್ಧತಿಯಲ್ಲಿ 1ರಿಂದ 3ನೆಯ ತರಗತಿಯವರು ಒಂದೇ ಕೊಠಡಿಯಲ್ಲಿ ನೆಲದ ಮೇಲೆ ವೃತ್ತವಾಗಿ ಕೂರುತ್ತಾರೆ. ಗೋಡೆಯಲ್ಲಿ ಕಲಿಕಾ ಏಣಿ, ನಡುವೆ ಕಾರ್ಡುಗಳ ತಟ್ಟೆ. ಮಗು ತನ್ನ ಮೆಟ್ಟಿಲು ನೋಡಿಕೊಂಡು ಕಾರ್ಡು ಎತ್ತಿಕೊಳ್ಳುತ್ತದೆ. ಶಿಕ್ಷಕರ ಸಹಾಯ ಬೇಕಾದವರದು ಒಂದು ಗುಂಪು, ಜೊತೆಯವರಿಂದ ಕಲಿಯುವವರದು ಇನ್ನೊಂದು, ತಾನೇ ಕಲಿಯುವವರದು ಮತ್ತೊಂದು. ಕಾರ್ಡು ಕೈಯಿಂದ ಕೈಗೆ ಹೋಗುತ್ತದೆ, ಮೂರನೆಯ ತರಗತಿಯ ಹುಡುಗಿ ಒಂದನೆಯದರ ಹುಡುಗನ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಾಳೆ. ಆರಡಿ ದೂರ ಕಾಯಬೇಕೆಂಬ ನಿಯಮ ಈ ಕೊಠಡಿಯ ಪ್ರಾಣಕ್ಕೇ ಎದುರಾಯಿತು. ಮೊಬೈಲಿನಲ್ಲಿ ಇದನ್ನು ನಡೆಸುವುದಂತೂ ಆಗದ ಮಾತು.

2020ರ ಮಾರ್ಚ್‌ನಲ್ಲಿ ಒಂದನೆಯ ತರಗತಿ ಮುಗಿಸುವುದರಲ್ಲಿದ್ದ ಮಗು ಮತ್ತೆ ಶಾಲೆಯ ಮೆಟ್ಟಿಲೇರಿದಾಗ ಮೂರನೆಯ ತರಗತಿಯಲ್ಲಿತ್ತು. 2020ರಲ್ಲಿ ಒಂದನೆಯದಕ್ಕೆ ಸೇರಿದ ಮಗು ತನ್ನ ತರಗತಿ ಕೊಠಡಿಯನ್ನು ಮೊದಲು ಕಂಡದ್ದೇ ಎರಡನೆಯ ತರಗತಿಗೆ ಬಂದ ಮೇಲೆ. ಈ ನಷ್ಟ ಸಮೀಕ್ಷೆಗಳಲ್ಲಿ ಅಂಕಿಗಳಾಗಿ ದಾಖಲಾಗಿದೆ. ಗ್ರಾಮೀಣ ಕರ್ನಾಟಕದಲ್ಲಿ 2021ರ ಮಾರ್ಚ್‌ನಲ್ಲಿ ನಡೆದ, ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯಂತೆ, ಎರಡನೆಯ ತರಗತಿಯ ಪಠ್ಯ ಓದಬಲ್ಲ ಮೂರನೆಯ ತರಗತಿ ಮಕ್ಕಳ ಪ್ರಮಾಣ 2018ರ ಶೇ 19.2ರಿಂದ ಶೇ 9.8ಕ್ಕೆ ಕುಸಿದಿತ್ತು. ಅಕ್ಷರವನ್ನೂ ಗುರುತಿಸಲಾಗದ ಒಂದನೆಯ ತರಗತಿ ಮಕ್ಕಳು ಶೇ 40.3ರಿಂದ ಶೇ 56.8ಕ್ಕೆ ಏರಿದ್ದರು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳಲ್ಲಿ ನಡೆಸಿದ ಅಧ್ಯಯನ, ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ಗಳಿಸಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನು ಕಳೆದುಕೊಂಡಿದ್ದಾರೆ ಎಂದು ಕಂಡುಕೊಂಡಿತು. ಗಣಿತದಲ್ಲಿ ಈ ಪ್ರಮಾಣ ಶೇ 82. ಹೊಸದು ಕಲಿಯದೇ ಹೋದದ್ದು ಈ ಲೆಕ್ಕದಲ್ಲಿ ಸೇರಿಲ್ಲ.

ಊಟದ ಮಾತೂ ಇದೆ. ಅಕ್ಷರ ದಾಸೋಹದ ಬಿಸಿಯೂಟ, ಕ್ಷೀರಭಾಗ್ಯದ ಹಾಲು ಎರಡೂ ನಿಂತವು. ಬದಲಿಗೆ ಕೊಟ್ಟ ಅಕ್ಕಿ, ಬೇಳೆ ಮನೆಮಂದಿಯ ಪಾಲಾಯಿತೇ ಹೊರತು ಮಗುವಿನ ತಟ್ಟೆಗೆಂದೇ ಉಳಿಯಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಶಾಲೆಯ ಒಲೆ ಮತ್ತೆ ಹೊತ್ತಿತು.

ಸುರಕ್ಷತೆಯ ಕ್ರಮಗಳು

ಆರಂಭದ ಮಾರ್ಗಸೂಚಿಗಳ ಗಮನವೆಲ್ಲ ಮುಟ್ಟುವಿಕೆಯ ಮೇಲಿತ್ತು. ಬೆಂಚಿಗೆ ಸೋಡಿಯಂ ಹೈಪೋಕ್ಲೋರೈಟ್ ಸಿಂಪಡಿಸುವುದು, ಗೇಟಿನಲ್ಲಿ ಥರ್ಮಲ್ ಸ್ಕ್ಯಾನರ್ ಹಿಡಿಯುವುದು, ಸ್ಯಾನಿಟೈಸರ್ ಹಂಚುವುದು. ಕೋವಿಡ್ ಮುಖ್ಯವಾಗಿ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಿಂದ ಹರಡುತ್ತದೆ ಎಂಬುದು ಸ್ಪಷ್ಟವಾಗುತ್ತಾ ಬಂದಂತೆ ಕಿಟಕಿಯ ಬೆಲೆ ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಚ್‌ನಲ್ಲಿ, ಒಳಾಂಗಣದಲ್ಲಿ ತಲೆಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ ಬೇಕೆಂದು ಸೂಚಿಸಿತು. ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯೂ ಆ ವರ್ಷದ ಮೇ ತಿಂಗಳಲ್ಲಿ, ಕಣಗಳು 10 ಮೀಟರ್‌ವರೆಗೆ ತೇಲಿ ಹೋಗಬಲ್ಲವು, ಗಾಳಿಯಾಡುವಂತೆ ಕಿಟಕಿ ಬಾಗಿಲು ತೆರೆದಿಡಿ ಎಂದಿತು.

ಈ ವಿಷಯದಲ್ಲಿ ಹಳ್ಳಿಯ ಹಳೆಯ ಶಾಲೆಗಳು ಪಟ್ಟಣದವಕ್ಕಿಂತ ಭಾಗ್ಯಶಾಲಿ. ಮಂಗಳೂರು ಹೆಂಚಿನ ಎತ್ತರದ ಸೂರು, ಎದುರುಬದುರು ಕಿಟಕಿಗಳು, ಉದ್ದಕ್ಕೂ ಜಗಲಿ, ಮುಂದೆ ಬಯಲು ಇದ್ದಲ್ಲಿ ಗಾಳಿಗೆ ಯಂತ್ರ ಬೇಡ. ವಾಸದ ಮನೆಯನ್ನೇ ಕೊಠಡಿಗಳಾಗಿ ಒಡೆದು ನಡೆಸುವ ನಗರದ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ತಗ್ಗಿಸದೆ ಗತಿಯಿಲ್ಲ. ಮಾಸ್ಕ್, ಪಾಳಿಯ ತರಗತಿ, ಸಣ್ಣ ಗುಂಪು, ಅಸ್ವಸ್ಥ ಮಗುವಿಗೆ ಪ್ರತ್ಯೇಕ ಕೊಠಡಿ ಇವೆಲ್ಲ ಉಪಯುಕ್ತವೇ. ಗಾಳಿಯಾಡದ ಕೊಠಡಿಯಲ್ಲಿ ಇವುಗಳ ಬಲ ಕುಗ್ಗುತ್ತದೆ. 2021ರ ಕೊನೆಯಲ್ಲಿ ಕೊಡಗು, ಚಿಕ್ಕಮಗಳೂರು ಜಿಲ್ಲೆಗಳ ವಸತಿ ಶಾಲೆಗಳಲ್ಲಿ ಗುಂಪು ಸೋಂಕು ಕಾಣಿಸಿಕೊಂಡಿತು. ಮಕ್ಕಳು ಒಂದೇ ಕಡೆ ಮಲಗಿ, ಉಂಡು, ಓದುವ ಶಾಲೆಗಳಿಗೆ ಬೇರೆಯದೇ ನಿಯಮ ಬೇಕು ಎಂಬುದು ಅದರಿಂದ ತಿಳಿದು ಬಂತು.

ಒಮಿಕ್ರಾನ್ ನಂತರ

2022ರ ಜನವರಿ 3ರಿಂದ 15ರಿಂದ 17 ವರ್ಷದವರಿಗೆ ಲಸಿಕೆ ಶುರುವಾಯಿತು. ಅದೇ ಹೊತ್ತಿಗೆ ಒಮಿಕ್ರಾನ್ ಅಲೆ ಎದ್ದು ಬೆಂಗಳೂರಿನಲ್ಲಿ 1ರಿಂದ 9ನೆಯ ತರಗತಿಗಳು ಜನವರಿ 6ರಿಂದ ನಿಂತವು. ಉಳಿದೆಡೆ ಸ್ಥಳೀಯ ಪರಿಸ್ಥಿತಿ ನೋಡಿ ತೀರ್ಮಾನಿಸುವ ಹೊಣೆ ಜಿಲ್ಲಾಧಿಕಾರಿಗಳಿಗೆ ಬಂತು. ಬೆಂಗಳೂರಿನ ಮಕ್ಕಳು ಜನವರಿ 31ಕ್ಕೆ ಮರಳಿದರು. ಮೊದಲ ಸಲ 19 ತಿಂಗಳು ಹಿಡಿದ ಕೆಲಸ ಈ ಸಲ ನಾಲ್ಕು ವಾರದೊಳಗೆ ಮುಗಿಯಿತು.

2022-23ನ್ನು ಇಲಾಖೆ ಕಲಿಕಾ ಚೇತರಿಕೆ ವರ್ಷವೆಂದು ಘೋಷಿಸಿ, ಎರಡು ವಾರ ಮುಂಚೆ, ಮೇ 16ರಂದೇ ಶಾಲೆ ತೆರೆಯಿತು. ಹಿಂದಿನ ತರಗತಿಗಳಲ್ಲಿ ತಪ್ಪಿಹೋದದ್ದನ್ನು ಕಲಿಸಲು ಬೇರೆಯದೇ ಕಲಿಕಾ ಹಾಳೆಗಳನ್ನು ಹಂಚಿತು. ಒಂದು ವರ್ಷದಲ್ಲಿ ತುಂಬಿಕೊಳ್ಳುವ ನಷ್ಟ ಅದಾಗಿರಲಿಲ್ಲ. ಇಂಥ ಪಿಡುಗು ಮತ್ತೆ ಬಂದು ಶಾಲೆ ಮುಚ್ಚಬೇಕಾದರೆ, ತೆರೆಯುವಾಗ ಮೊದಲ ಸರದಿ ಒಂದರಿಂದ ಮೂರನೆಯ ತರಗತಿಯವರದ್ದಾಗಬೇಕು, ಎಸ್‌ಎಸ್‌ಎಲ್‌ಸಿಯವರದ್ದು ಆಮೇಲೆ.