ಗರ್ಭಕಾಲದ ಚರಿತ್ರೆ: ಮೈಸೂರಿನ ಹೆರಿಗೆ ದಾಖಲೆಗಳ ಸಾಕ್ಷ್ಯ

ಹಳೆಯ ಮೈಸೂರು ಸೀಮೆಯ ಚರಿತ್ರೆಗೆ ಶಾಸನ, ಕಡತ, ಕೈಫಿಯತ್ತುಗಳು ಹೇಗೆ ಆಕರಗಳೋ ಹಾಗೆಯೇ ಆಸ್ಪತ್ರೆಯ ಹೆರಿಗೆ ದಾಖಲೆಗಳೂ ಆಕರಗಳೇ. ಮೈಸೂರಿನಲ್ಲಿ 1906ರಲ್ಲಿ ವೆಸ್ಲಿಯನ್ ಮಿಷನ್ ಆರಂಭಿಸಿದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನೂ ತಾಯಿಯ ತೂಕ ಹಾಗೂ ಸೊಂಟದ ಅಳತೆಗಳನ್ನೂ ಬರೆದಿಡಲಾಗುತ್ತಿತ್ತು. ದಿನನಿತ್ಯದ ಕರ್ತವ್ಯವೆಂದು ಬರೆದ ಈ ಅಂಕಿಗಳು ಆರು ದಶಕಗಳ ತರುವಾಯ ವೈದ್ಯವಿಜ್ಞಾನಕ್ಕೆ ಅಮೂಲ್ಯವಾದವು.

ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮೊದಲಾದವರು ಸ್ಥಳೀಯ ವೈದ್ಯರೊಡನೆ ಸೇರಿ, 1934ರಿಂದ 1954ರ ನಡುವೆ ಇಲ್ಲಿ ಹುಟ್ಟಿ ಆಸ್ಪತ್ರೆಯ ಆಸುಪಾಸಿನಲ್ಲೇ ನೆಲೆಸಿದ್ದ 517 ಮಂದಿಯನ್ನು ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಐದೂವರೆ ಪೌಂಡು ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದಯರೋಗವಿತ್ತು. ಏಳು ಪೌಂಡಿಗಿಂತ ಹೆಚ್ಚು ತೂಗಿದವರಲ್ಲಿ ಅದು ಶೇ. 3 ಮಾತ್ರ. ಆದರೆ 1998ರಲ್ಲಿ ಪ್ರಕಟವಾದ ಮಧುಮೇಹದ ಅಧ್ಯಯನ ಬೇರೆಯೇ ಚಿತ್ರವನ್ನು ನೀಡಿತು. ಗಿಡ್ಡವಾಗಿ, ದುಂಡಗೆ ಹುಟ್ಟಿದ ಕೂಸುಗಳಿಗೆ, ಅದರಲ್ಲೂ ತೂಕದ ತಾಯಂದಿರ ಮಕ್ಕಳಿಗೆ, ಮುಂದೆ ಮಧುಮೇಹ ಹೆಚ್ಚಾಗಿ ಕಂಡಿತು.

ಈ ತೊಡಕಿಗೆ ಒಂದು ವಿವರಣೆ ತಾಯಿಯ ಹಾರ್ಮೋನುಗಳಲ್ಲಿದೆ. ಗರ್ಭದ ಉತ್ತರಾರ್ಧದಲ್ಲಿ ಮಾಸು ಸ್ರವಿಸುವ ಹಾರ್ಮೋನುಗಳು ತಾಯಿಯ ದೇಹದಲ್ಲಿ ಇನ್ಸುಲಿನ್ನಿನ ಪ್ರಭಾವವನ್ನು ತಗ್ಗಿಸುತ್ತವೆ. ಇದು ಕೂಸಿಗೆ ಆಹಾರ ಒದಗಿಸಲೆಂದೇ ಇರುವ ಏರ್ಪಾಡು. ತಾಯಿಯ ಇನ್ಸುಲಿನ್ ಇದನ್ನು ಸರಿದೂಗಿಸಲಾರದಾದಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ಸಕ್ಕರೆ ಮಾಸನ್ನು ದಾಟುತ್ತದೆ, ಇನ್ಸುಲಿನ್ ದಾಟದು. ಆಗ ಕೂಸಿನ ಮೇದೋಜ್ಜೀರಕವೇ ಅಧಿಕ ಇನ್ಸುಲಿನ್ ಸ್ರವಿಸಿ ಕೊಬ್ಬನ್ನು ಕೂಡಿಸಿಕೊಳ್ಳುತ್ತದೆ. ಡೆನ್ಮಾರ್ಕಿನ ಪೆಡರ್ಸನ್ 1950ರ ದಶಕದಲ್ಲೇ ಈ ವಾದವನ್ನು ಮಂಡಿಸಿದ್ದನು.

ಇದನ್ನು ಗರ್ಭಕಾಲದಿಂದಲೇ ಪರಿಶೀಲಿಸಲು ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ 'ಪಾರ್ಥೆನಾನ್' ಅಧ್ಯಯನ ಆರಂಭವಾಯಿತು. ಪರೀಕ್ಷೆಗೊಳಗಾದ ಗರ್ಭಿಣಿಯರಲ್ಲಿ ಸುಮಾರು ಶೇ. 6 ಮಂದಿಗೆ ಗರ್ಭಕಾಲದ ಮಧುಮೇಹವಿತ್ತು. ಜಿ. ವಿ. ಕೃಷ್ಣವೇಣಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದಂತೆ, ಅಂತಹ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಕೊಬ್ಬೂ ಇನ್ಸುಲಿನ್ನೂ ಹೆಚ್ಚಾಗಿದ್ದವು. ತಂದೆಗೆ ಮಧುಮೇಹವಿದ್ದ ಮಕ್ಕಳಲ್ಲಿ ಈ ಸಂಬಂಧ ಕಾಣಲಿಲ್ಲ. ಹೀಗಾಗಿ ವಂಶವಾಹಿಯೊಂದೇ ಕಾರಣವಲ್ಲ, ಗರ್ಭದ ಪರಿಸರವೂ ಕಾರಣವೆಂಬ ಅಭಿಪ್ರಾಯ ಬಲಗೊಂಡಿತು.

ಈ ಹೆಣ್ಣುಮಕ್ಕಳೂ ಮುಂದೆ ತಾಯಂದಿರಾಗುವರು. ರೋಗದ ಪ್ರವೃತ್ತಿ ಹೀಗೆ ತಲೆಮಾರಿನಿಂದ ತಲೆಮಾರಿಗೆ ಸಾಗಬಲ್ಲದು. ಇದರಿಂದ ತಾಯಿಯೇ ತಪ್ಪಿತಸ್ಥಳೆಂದು ತಿಳಿಯಲಾಗದು. ಬಾಲ್ಯದ ಪೌಷ್ಟಿಕತೆ, ದುಡಿಮೆ, ಬಡತನ, ಬದಲಾದ ಆಹಾರ ಇವೆಲ್ಲವೂ ಆಕೆಯ ದೇಹದಲ್ಲಿ ಬರೆದ ಚರಿತ್ರೆಯನ್ನೇ ಕೂಸು ಪಡೆಯುತ್ತದೆ. ಚನ್ನಪಟ್ಟಣ ಸೀಮೆಯ ಬೈರಾಪಟ್ಟಣದಂತಹ ಊರಿನ ಗರ್ಭಿಣಿಗೆ ಸಕಾಲದಲ್ಲಿ ದೊರೆಯುವ ಒಂದು ರಕ್ತಪರೀಕ್ಷೆ ಆಕೆಯ ಮೊಮ್ಮಕ್ಕಳ ಆರೋಗ್ಯಕ್ಕೂ ಸಂಬಂಧಿಸಿದ್ದು. ತಾಲ್ಲೂಕು ಆಸ್ಪತ್ರೆಗಳ ಹಳೆಯ ಹೆರಿಗೆ ಪುಸ್ತಕಗಳನ್ನು ರದ್ದಿಗೆ ಹಾಕದೆ ಕಾಪಾಡುವುದು ಚರಿತ್ರಕಾರರ ಹೊಣೆಯೂ ಆಗಿದೆ.