ಏಳು ವರ್ಷಗಳ ನಿರೀಕ್ಷೆ

“ಕಾಲ ಕೂಡಿ ಬರಬೇಕು” ಎಂದು ನಾವೆಲ್ಲ ಹೇಳುತ್ತಿರುತ್ತೇವೆ. ಮಗಳ ಮದುವೆಯಾಗಲಿ, ಊರಿನಲ್ಲಿ ಒಂದು ಮನೆಯಾಗಲಿ, ಬೇಡಿದ ಊರಿಗೆ ವರ್ಗವಾಗಲಿ, ತಡವಾದದ್ದಕ್ಕೆಲ್ಲ ಇದೊಂದೇ ಸಮಾಧಾನ. ಕ್ರೈಸ್ತರು ಇದನ್ನು ದೇವರ ಸಮಯ ಎನ್ನುತ್ತಾರೆ. ನಾವು ಕೇಳುವುದಕ್ಕೂ ದೇವರು ಕೊಡುವುದಕ್ಕೂ ನಡುವಿನ ಅವಧಿ ವ್ಯರ್ಥವಲ್ಲ, ಅದನ್ನು ನಂಬಿಕೆಯಿಂದ ಕಳೆಯಬೇಕು ಎಂಬುದು ಅವರ ಭಾವನೆ. ಇದಕ್ಕೆ ದೃಷ್ಟಾಂತವಾಗಿ ವಿಲಿಯಂ ಕೇರಿಯ ಕಥೆಯನ್ನು ಹೇಳುವುದುಂಟು. ಹೆಸರು ನಮ್ಮ ಕಿವಿಗೆ ಯಾವುದೋ ಓಣಿಯ ಹೆಸರಿನಂತೆ ಕೇಳಿಸುತ್ತದೆ. ಆದರೆ ಈತ ನಮಗೆ ಪೂರ್ತಿ ಹೊರಗಿನವನೇನಲ್ಲ. 1817ರಲ್ಲಿ ಬಂಗಾಳದ ಶ್ರೀರಾಮಪುರದಿಂದ, ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣವೊಂದು ಇವನ ಹೆಸರಿನಲ್ಲಿ ಅಚ್ಚಾಗಿ ಬಂತು.

ಕೇರಿ 1793ರ ನವೆಂಬರಿನಲ್ಲಿ ಕಲಕತ್ತೆಗೆ ಬಂದ. ಆತ ಮೊದಲ ಬಂಗಾಳಿಗೆ ದೀಕ್ಷಾಸ್ನಾನ ಕೊಟ್ಟದ್ದು 1800ರ ಡಿಸೆಂಬರ್ 28ರಂದು. ನಡುವೆ ಏಳು ವರ್ಷ. ಪ್ರವಚನಗಳಲ್ಲಿ ಈ ಏಳು ವರ್ಷ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಕಚೇರಿಯಲ್ಲಿ ಕಡತದ ಮೇಲೆ “ಆರು ತಿಂಗಳ ನಂತರ ಮಂಡಿಸುವುದು” ಎಂದು ಬರೆದು ಬದಿಗಿಡುವಷ್ಟು ಸುಲಭವಾಗಿ! ಆ ಆರು ತಿಂಗಳಲ್ಲಿ ಅರ್ಜಿದಾರನ ಮನೆಯಲ್ಲಿ ಏನೇನಾಯಿತು ಎಂಬುದು ಕಡತದಲ್ಲಿ ಇರುವುದಿಲ್ಲ.

ಕೇರಿ 1761ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್ ಸೀಮೆಯ ಒಂದು ಹಳ್ಳಿಯಲ್ಲಿ ಹುಟ್ಟಿದ. ಜೋಡು ಹೊಲಿಯುತ್ತ ಭಾಷೆಗಳನ್ನು ಕಲಿತು, ಬ್ಯಾಪ್ಟಿಸ್ಟ್ ಪಂಥದ ಬೋಧಕನಾದ. 1792ರಲ್ಲಿ ಆ ಪಂಥದವರು ಕಟ್ಟಿದ ಮಿಷನರಿ ಸಂಘ ಇವನನ್ನೂ ಜಾನ್ ಥಾಮಸ್ ಎಂಬ ವೈದ್ಯನನ್ನೂ ಬಂಗಾಳಕ್ಕೆ ಕಳಿಸಲು ನಿಶ್ಚಯಿಸಿತು. ಹೆಂಡತಿ ಡೊರೊಥಿ ಬರುವುದಿಲ್ಲ ಎಂದಳು. ತುಂಬು ಬಸುರಿ, ಸಮುದ್ರವನ್ನೇ ಕಂಡವಳಲ್ಲ. ಹಿರಿಯ ಮಗ ಫೆಲಿಕ್ಸನನ್ನಷ್ಟೇ ಕರೆದುಕೊಂಡು ಕೇರಿ ಹೊರಟ. ಆದರೆ ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿ ಇಲ್ಲದ ಕಾರಣ ಇವರನ್ನು ಹಡಗಿನಿಂದ ಇಳಿಸಿಬಿಟ್ಟರು. ಮತ್ತೊಂದು ಹಡಗು ಗೊತ್ತಾಗುವ ವೇಳೆಗೆ ಡೊರೊಥಿಗೆ ಹೆರಿಗೆಯಾಗಿತ್ತು. ಮತ್ತೆ ಹೋಗಿ ಕೇಳಿದರು, ಆಗಲೂ ಇಲ್ಲವೆಂದಳು. ಥಾಮಸ್ ಹಿಂದಿರುಗಿ ಹೋಗಿ ಪಟ್ಟು ಹಿಡಿದ ಮೇಲೆ, ತಂಗಿಯೂ ಜೊತೆಗೆ ಬರುವುದಾದರೆ ಸರಿ ಎಂದು ಒಪ್ಪಿದಳು. 1793ರ ಜೂನ್ 13ರಂದು ಎಲ್ಲರೂ ಡೆನ್ಮಾರ್ಕಿನ ಹಡಗೊಂದನ್ನು ಹತ್ತಿದರು.

ಹಡಗು ತಪ್ಪಿದ್ದರಿಂದಲೇ ಕುಟುಂಬ ಒಂದಾಯಿತು, ಇದು ದೈವಸಂಕಲ್ಪ ಎಂದು ಕೇರಿಯ ಚರಿತ್ರೆ ಬರೆದ ಭಕ್ತರು ಹೇಳುವುದುಂಟು. ಕೇರಿಯ ಕಡೆಯಿಂದ ನೋಡಿದರೆ ಅದು ಹಾಗೆಯೇ ಕಾಣುತ್ತದೆ. ಡೊರೊಥಿಯ ಕಡೆಯಿಂದ ನೋಡಿದರೆ? ಆ ಹಡಗು ತಪ್ಪದಿದ್ದರೆ ಆಕೆ ತನ್ನವರ ನಡುವೆಯೇ ಉಳಿಯುತ್ತಿದ್ದಳು.

ಕಲಕತ್ತೆಯಲ್ಲಿ ಕೈಯಲ್ಲಿದ್ದ ಹಣ ಕರಗಿತು. ಸುಂದರಬನದ ಅಂಚಿನಲ್ಲಿ ಕಾಡು ಕಡಿದು ಬೇಸಾಯ ಮಾಡಲು ನೋಡಿದರು. 1794ರ ಬೇಸಿಗೆಯಲ್ಲಿ ಜಾರ್ಜ್ ಉಡ್ನಿ ಎಂಬ ಅಧಿಕಾರಿ ಉತ್ತರ ಬಂಗಾಳದ ಮದನಾವತಿಯ ನೀಲಿ ಕಾರ್ಖಾನೆಯಲ್ಲಿ ಮೇಲ್ವಿಚಾರಕನ ಕೆಲಸ ಕೊಟ್ಟ. ಮನೆ ಮಂದಿಯನ್ನೆಲ್ಲ ಜ್ವರ, ಭೇದಿ ಹಿಡಿದವು. ಅದೇ ವರ್ಷ ಐದು ವಯಸ್ಸಿನ ಮಗ ಪೀಟರ್ ತೀರಿಕೊಂಡ. ಜಾತಿಯ ಭಯದಿಂದ ಗುಂಡಿ ತೋಡಲು, ಹೆಣ ಹೊರಲು ಜನ ಸಿಗುವುದೇ ಕಷ್ಟವಾಯಿತು. ಕೇರಿ ತಾನೇ ಏಳಲಾರದಷ್ಟು ನಿತ್ರಾಣನಾಗಿದ್ದ. ಊರಿನಿಂದ ಕಾಗದವೂ ಇಲ್ಲ. ಇಂಗ್ಲೆಂಡಿನ ಮೊದಲ ಪತ್ರಗಳು ಕೈಸೇರಿದ್ದು 1795ರಲ್ಲಿ. ಮಗ ಹೋದ ಮೇಲೆ ಡೊರೊಥಿಯ ಬುದ್ಧಿ ಸ್ಥಿಮಿತ ತಪ್ಪಿತು. ಗಂಡ ಪರಸ್ತ್ರೀಯರ ಸಹವಾಸ ಮಾಡುತ್ತಾನೆಂಬ ಭ್ರಮೆ ಹಿಡಿದು, ಬೀದಿಯಲ್ಲಿ ಬೆನ್ನಟ್ಟಿ ಬಯ್ಯುತ್ತಿದ್ದಳು. ಕೇರಿ ಆಕೆಯನ್ನು ಮನೆಯಲ್ಲೇ ಇಟ್ಟುಕೊಂಡ. ಪಕ್ಕದ ಕೋಣೆಯಲ್ಲಿ ಕೂಗಾಟ ನಡೆಯುತ್ತಿರುವಾಗ ಈಚೆ ಬಂಗಾಳಿ ಅನುವಾದ ಸಾಗುತ್ತಿತ್ತು.

ಆತನ ಕಾಯುವಿಕೆ ಕೈಕಟ್ಟಿ ಕೂತದ್ದಲ್ಲ ಎಂಬುದನ್ನು ಒಪ್ಪಲೇಬೇಕು. ಕಾರ್ಖಾನೆಯ ಲೆಕ್ಕ, ಹಳ್ಳಿಗಳಲ್ಲಿ ಬೋಧನೆ, ಸಂಸ್ಕೃತ ಪಾಠ, ಹೊಸ ಒಡಂಬಡಿಕೆಯ ಭಾಷಾಂತರ ಎಲ್ಲವೂ ಒಟ್ಟಿಗೇ ನಡೆದವು. ಬಂಗಾಳಿ ಕಲಿಸಿದ ಮುನ್ಷಿ ರಾಮರಾಮ ಬಸು. ಕ್ರಿಸ್ತನ ಮೇಲೆ ಬಂಗಾಳಿಯಲ್ಲಿ ಹಾಡನ್ನೇ ಕಟ್ಟಿದ್ದ ಈತನೇ ಮೊದಲು ದೀಕ್ಷೆ ಪಡೆಯುತ್ತಾನೆ ಎಂದು ಥಾಮಸನೂ ಕೇರಿಯೂ ನಂಬಿದ್ದರು. ಬಸು ಕೊನೆಯವರೆಗೂ ಕ್ರೈಸ್ತನಾಗಲಿಲ್ಲ. 1801ರಲ್ಲಿ ಆತ ಬರೆದ ರಾಜಾ ಪ್ರತಾಪಾದಿತ್ಯನ ಚರಿತ್ರೆ ಮೊಟ್ಟಮೊದಲು ಅಚ್ಚಾದ ಬಂಗಾಳಿ ಗದ್ಯಗ್ರಂಥಗಳಲ್ಲಿ ಒಂದು. ಪಾದ್ರಿಗಳ ಲೆಕ್ಕದಲ್ಲಿ ನಷ್ಟ, ಬಂಗಾಳಿ ಭಾಷೆಯ ಲೆಕ್ಕದಲ್ಲಿ ಲಾಭ.

ಬಂಗಾಳಿಗಳೇಕೆ ಬರಲಿಲ್ಲ? ದೀಕ್ಷೆ ಎಂದರೆ ಜಾತಿ, ಮನೆ, ಹೆಣ್ಣು ಕೊಡುವವರು, ಹೆಣ ಹೊರುವವರು ಎಲ್ಲರನ್ನೂ ಬಿಡುವುದು. ಪೀಟರನ ಸಾವಿನಲ್ಲಿ ಕೇರಿ ಕಂಡದ್ದು ಇದನ್ನೇ. ಇಷ್ಟೆಲ್ಲ ಬಿಟ್ಟು ಬಾ ಎನ್ನುವವನಿಗೆ ಏಳು ವರ್ಷ ದೊಡ್ಡ ಅವಧಿಯೇನಲ್ಲ ಎಂದು ನನಗನ್ನಿಸುತ್ತದೆ.

1799ರ ಅಕ್ಟೋಬರಿನಲ್ಲಿ ಮಾರ್ಷ್‌ಮನ್, ವಾರ್ಡ್ ಮೊದಲಾದ ಹೊಸ ಮಿಷನರಿಗಳು ಬಂದರು. ಕಂಪನಿಯ ನೆಲದಲ್ಲಿ ನೆಲೆಸಲು ಅನುಮತಿ ಸಿಗದೆ, ಹೂಗ್ಲಿ ನದಿಯ ದಂಡೆಯಲ್ಲಿ ಡೆನ್ಮಾರ್ಕಿನವರ ವಶದಲ್ಲಿದ್ದ ಶ್ರೀರಾಮಪುರದಲ್ಲಿ ಉಳಿದರು. 1800ರ ಜನವರಿಯಲ್ಲಿ ಕೇರಿಯೂ ಅಲ್ಲಿಗೆ ಬಂದು ಸೇರಿದ.

ಅದೇ ವರ್ಷದ ಕೊನೆಯಲ್ಲಿ ಕೃಷ್ಣಪಾಲ ಎಂಬ ಬಡಗಿ ಕಾಲು ಜಾರಿ ಬಿದ್ದು ತೋಳಿನ ಕೀಲು ತಪ್ಪಿಸಿಕೊಂಡ. ಥಾಮಸ್ ಅದನ್ನು ಕೂಡಿಸಿದ. ಮಾತು ಅಲ್ಲಿಂದ ಬೆಳೆಯಿತು. ಕೃಷ್ಣಪಾಲ ಅದುವರೆಗೆ ಕರ್ತಾಭಜ ಪಂಥದಲ್ಲಿ ಹಲವು ವರ್ಷ ಕಳೆದವನು; ಏನನ್ನೋ ಹುಡುಕುತ್ತ ಆತನೂ ಕಾಯುತ್ತಿದ್ದ ಎನ್ನಬಹುದು. ಡಿಸೆಂಬರ್ 22ರಂದು ಆತನೂ ಗೆಳೆಯ ಗೋಕುಲನೂ ಮಿಷನರಿಗಳ ಪಂಕ್ತಿಯಲ್ಲಿ ಕುಳಿತು ಉಂಡರು. ಸುದ್ದಿ ಹಬ್ಬಿ ಜನ ಮುತ್ತಿದರು, ಕೃಷ್ಣಪಾಲನನ್ನು ಡೆನ್ಮಾರ್ಕಿನ ನ್ಯಾಯಾಧಿಕಾರಿಯ ಮುಂದೆ ಎಳೆದೊಯ್ದರು. ಆತ ಬಿಟ್ಟು ಕಳಿಸಿದ. ಗೋಕುಲ ಆಗ ಹಿಂಜರಿದ, ಕೃಷ್ಣಪಾಲ ಹಿಂಜರಿಯಲಿಲ್ಲ.

ಡಿಸೆಂಬರ್ 28, ಭಾನುವಾರ. ಕೇರಿ ಒಂದು ಪಕ್ಕದಲ್ಲಿ ಮಗ ಫೆಲಿಕ್ಸ್, ಇನ್ನೊಂದು ಪಕ್ಕದಲ್ಲಿ ಕೃಷ್ಣಪಾಲನೊಡನೆ ಹೂಗ್ಲಿಯ ಮೆಟ್ಟಿಲಿಳಿದ. ಡೇನಿಷ್ ಗವರ್ನರ್ ಬೀ ದಂಡೆಯಲ್ಲಿ ನಿಂತು ಕಣ್ಣೊರೆಸಿಕೊಂಡ. ಆದರೆ ಕೃಷ್ಣಪಾಲನ ತೋಳು ಕೂಡಿಸಿದ ಥಾಮಸ್ ಅಲ್ಲಿರಲಿಲ್ಲ. 1787ರಿಂದ ಬಂಗಾಳದಲ್ಲಿ ಬೋಧಿಸುತ್ತ ಇದೇ ದಿನಕ್ಕಾಗಿ ಕಾದಿದ್ದ ಆತನ ತಲೆ ಸಂತೋಷದ ಆವೇಗದಲ್ಲಿ ಕೆಟ್ಟಿತ್ತು, ಕೂಡಿಹಾಕಬೇಕಾಯಿತು. ಇನ್ನೊಂದು ಕೋಣೆಯಲ್ಲಿ ಡೊರೊಥಿ. ನದಿಯ ದಂಡೆಯಲ್ಲಿ ಪ್ರಾರ್ಥನೆ, ಮನೆಯೊಳಗೆ ಇಬ್ಬರ ಅರಚಾಟ.

ಕೇರಿ ದೇವರ ಸಮಯವನ್ನು ನಂಬಿದ್ದು ಸುಳ್ಳಲ್ಲ. ಆ ನಂಬಿಕೆ ಇಲ್ಲದೆ ಮದನಾವತಿಯಲ್ಲಿ ಒಂದು ಮಳೆಗಾಲವನ್ನೂ ಕಳೆಯುವುದಕ್ಕೆ ಆಗುತ್ತಿರಲಿಲ್ಲ. ಕಾಯಬೇಕೆಂದು ಆತ ತಾನೇ ಆರಿಸಿಕೊಂಡ. ಆರಿಸಿಕೊಳ್ಳದೆ ಕಾಯ್ದವರೂ ಆ ಮನೆಯಲ್ಲಿದ್ದರು ಎಂಬುದಷ್ಟೇ ನನ್ನ ತಕರಾರು.

ಮುಂದಿನದು ಬೇಗ ಬೇಗ ನಡೆಯಿತು. ಬಂಗಾಳಿ ಹೊಸ ಒಡಂಬಡಿಕೆ 1801ರಲ್ಲಿ ಹೊರಬಂತು. ಅದೇ ವರ್ಷ ಕೇರಿ ಕಲಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಅಧ್ಯಾಪಕನಾದ, ಥಾಮಸ್ ತೀರಿಕೊಂಡ. ಕೃಷ್ಣಪಾಲ ತಾನೇ ಬೋಧಕನಾಗಿ 1822ರವರೆಗೆ ಬದುಕಿದ. 1812ರಲ್ಲಿ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಕಾಗದ, ಅಚ್ಚಿನ ಮೊಳೆ, ವರ್ಷಗಟ್ಟಲೆ ಬರೆದ ಹಸ್ತಪ್ರತಿ ಎಲ್ಲ ಸುಟ್ಟಾಗ ಕೇರಿ ಮತ್ತೆ ಮೊದಲಿನಿಂದ ಬರೆಯಲು ಕುಳಿತ. ನಾನು ಆರಂಭದಲ್ಲಿ ಹೇಳಿದ ಕನ್ನಡ ವ್ಯಾಕರಣ ಅಚ್ಚಾದದ್ದು ಆ ಬೆಂಕಿಯ ಐದು ವರ್ಷಗಳ ನಂತರ.

ಡೊರೊಥಿ 1807ರ ಡಿಸೆಂಬರಿನಲ್ಲಿ ಶ್ರೀರಾಮಪುರದಲ್ಲಿ ಸತ್ತಳು. ಆಕೆ ಬರೆದ ಒಂದು ಸಾಲೂ ನಮಗೆ ಓದಲು ಸಿಗುವುದಿಲ್ಲ. ಹಳ್ಳಿಯ ಇಗರ್ಜಿಯಲ್ಲಿ 1781ರಲ್ಲಿ ಮದುವೆಯಾದಾಗ ದಾಖಲೆ ಪುಸ್ತಕದಲ್ಲಿ ಸಹಿಯ ಜಾಗದಲ್ಲಿ ಆಕೆ ಹಾಕಿದ್ದು ಒಂದು ಶಿಲುಬೆಯ ಗುರುತು.